ಪರದೇಶದ ವ್ಯಾಸಂಗ

ಮಗಳನ್ನು ವಿದ್ಯೆಗಾಗಿ ಸಮುದ್ರದಾಚೆಗೆ ಕಳುಹಿಸಬಹುದೇ ಎಂಬ ಪ್ರಶ್ನೆಯು ನಮ್ಮ ಮೈಸೂರಿನ ಅನೇಕ ಮನೆಗಳಲ್ಲಿ ಇಂದು ಚರ್ಚೆಗೆ ಬರುತ್ತಿರುವುದನ್ನು ನಾವು ಬಲ್ಲೆವು. ಹಣದ ಚಿಂತೆಯೊಂದು, ಒಂಟಿಯಾಗಿ ಹೇಗಿರುವಳೋ ಎಂಬ ಚಿಂತೆ ಮತ್ತೊಂದು. ಆದರೆ ಅಲ್ಲಿ ಆಕೆಯು ಕಲಿಯತಕ್ಕುದನ್ನು ಪದವಿಯ ಹೆಸರಿನಿಂದ ಮಾತ್ರವೇ ಅಳೆಯುವುದು ಸಾಲದೆಂದು ನಮ್ಮ ಅಭಿಪ್ರಾಯ. ಇದಕ್ಕೆ ನಮ್ಮ ಸೀಮೆಯ ಮಹಿಳೆಯೊಬ್ಬರ ಚರಿತ್ರೆಯನ್ನೇ ಪರಿಶೀಲಿಸೋಣ.

ಶ್ರೀಮತಿ ರಾಜೇಶ್ವರಿ ಚಟರ್ಜಿಯವರು 1922ರಲ್ಲಿ ನಮ್ಮ ನೆರೆಯ ನಂಜನಗೂಡಿನಲ್ಲಿ ಜನಿಸಿದರು. ಇವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರು. ವಿಧವೆಯರ ಮತ್ತು ಪರಿತ್ಯಕ್ತೆಯರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಅಜ್ಜಿಯು ಸ್ಥಾಪಿಸಿದ ಶಾಲೆಯಲ್ಲಿಯೇ ಮೊಮ್ಮಗಳ ಮೊದಲ ಪಾಠಗಳಾದವು. ಪರದೇಶ ಪ್ರಯಾಣಕ್ಕೆ ಬೇಕಾದ ಧೈರ್ಯವು ಹಡಗಿನಲ್ಲಿ ಹುಟ್ಟುವುದಲ್ಲ, ಇಂತಹ ಮನೆಗಳಲ್ಲಿ ಹುಟ್ಟುವುದು ಎಂಬುದನ್ನು ತಾಯಂದಿರು ಗಮನಿಸಬೇಕು.

ಬಾಲಕಿಗೆ ಚರಿತ್ರೆಯ ವಿಷಯದಲ್ಲಿಯೂ ಆಸೆಯಿದ್ದಿತು. ಕೊನೆಗೆ ಆರಿಸಿಕೊಂಡುದು ಗಣಿತವನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮೈಸೂರು ವಿಶ್ವವಿದ್ಯಾನಿಲಯದ ಎಂ.ಎಸ್‌ಸಿ. ಪದವಿಯನ್ನು ಪಡೆದು, ವಿಜ್ಞಾನ ಸಂಸ್ಥೆಯನ್ನು ಸೇರಿದರು. ಬಳಿಕ ಸರ್ಕಾರದ ವಿದ್ಯಾರ್ಥಿ ವೇತನದಿಂದ 1947ರಲ್ಲಿ ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ನಾಡು ಸ್ವತಂತ್ರವಾದ ವರ್ಷವದು.

ಅಲ್ಲಿ ಅವರು ಓದಿದುದು ಗಣಿತವನ್ನಲ್ಲ, ವಿದ್ಯುತ್ ಇಂಜಿನಿಯರಿಂಗನ್ನು. ಕಾಗದದ ಮೇಲೆ ಸಮೀಕರಣಗಳನ್ನು ಬಿಡಿಸಿ ಬಲ್ಲವರು ಈಗ ಯಂತ್ರಗಳ ಮುಂದೆ ನಿಲ್ಲಬೇಕಾಯಿತು. ಸ್ನಾತಕೋತ್ತರ ಪದವಿಯಾದ ತರುವಾಯ ವಾಷಿಂಗ್‌ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳು ರೇಡಿಯೋ ತರಂಗಗಳ ಅಳತೆಯನ್ನು ಅಭ್ಯಾಸಮಾಡಿದರು. ಈ ಎಂಟು ತಿಂಗಳಿಗೆ ಬೇರೆ ಬಿರುದೇನೂ ದೊರೆಯಲಿಲ್ಲ. ಆದರೂ ಮುಂದಿನ ಕೆಲಸಕ್ಕೆ ಇದು ಪದವಿಗಿಂತ ಕಡಿಮೆಯಾದುದಲ್ಲವೆಂದು ನಾವು ಎಣಿಸುತ್ತೇವೆ. 1949ರಲ್ಲಿ, ಪೂರ್ವದೇಶಗಳ ಸ್ತ್ರೀಯರಿಗಾಗಿ ಲೆವಿ ಬಾರ್ಬರ್ ಎಂಬ ಉದಾರಿಗಳು ಏರ್ಪಡಿಸಿದ ವೇತನವು ದೊರೆತು, ಮತ್ತೆ ಮಿಷಿಗನ್ನಿಗೆ ಮರಳಿ, 1953ರ ವೇಳೆಗೆ ಡಾಕ್ಟರ್ ಪದವಿಯನ್ನು ಪಡೆದರು.

ಅದೇ ವರ್ಷ ಬೆಂಗಳೂರಿಗೆ ಹಿಂದಿರುಗಿ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಪತಿ ಶಿಶಿರ ಕುಮಾರ ಚಟರ್ಜಿಯವರೊಡನೆ ಸೂಕ್ಷ್ಮತರಂಗಗಳ ಪ್ರಯೋಗಶಾಲೆಯನ್ನು ಕಟ್ಟಿ ಬೆಳೆಸಿದರು. 20 ಮಂದಿಯನ್ನು ಡಾಕ್ಟರ್ ಪದವಿಗೆ ಸಿದ್ಧಗೊಳಿಸಿದರು. ಅಳೆಯಲು ಕಲಿತ ಕೈ ಇಲ್ಲಿ ಉಪಯೋಗಕ್ಕೆ ಬಂದಿತು.

ಪರದೇಶಕ್ಕೆ ಹೋದವರು ನಮ್ಮವರನ್ನು ಮರೆಯುವರೆಂದು ಕೆಲವು ಹಿರಿಯರು ಹೇಳುವುದುಂಟು. ಹಾಗಾಗುವುದೂ ಉಂಟು, ಇಲ್ಲವೆನ್ನಲಾರೆವು. ಆದರೆ ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು ಆಕ್ಸ್‌ಫರ್ಡಿನಲ್ಲಿ ಸಾಮಾಜಿಕ ಮಾನವಶಾಸ್ತ್ರವನ್ನು ಕಲಿತು, 1948ರಲ್ಲಿ ಬಂದು ವಾಸಮಾಡಿದುದು ಈ ಊರಿನ ಸಮೀಪದ ಹಳ್ಳಿಯೊಂದರಲ್ಲಿ. ಬಾಲ್ಯದಲ್ಲಿ ಮನೆಯ ಹಿಂದೆಯೇ ಇದ್ದ ಬಂಡಿಕೇರಿಯ ಜೀವನವು ತಮ್ಮ ಪಾಲಿಗೆ ಬೇರೊಂದು ಲೋಕವಾಗಿದ್ದಿತೆಂದು ಅವರೇ ಮುಂದೆ ಬರೆದರು. ಪಕ್ಕದ ಬೀದಿಯನ್ನು ಕಾಣುವ ಕಣ್ಣಿಗೂ ಕೆಲವೊಮ್ಮೆ ದೂರದ ಶಿಕ್ಷಣವು ಬೇಕಾಗುವುದು.

ರಾಜೇಶ್ವರಿಯವರು 1982ರಲ್ಲಿ ನಿವೃತ್ತರಾದರು. ತರುವಾಯ ಸ್ತ್ರೀಯರ ಸ್ಥಿತಿಗತಿಗಳ ಅಧ್ಯಯನದಲ್ಲಿ ತೊಡಗಿ, 2010ರಲ್ಲಿ ತೀರಿಕೊಂಡರು. ಅಜ್ಜಿಯು ಹಿಡಿದಿದ್ದ ಕೆಲಸವೂ ಅದೇ ಬಗೆಯದಾಗಿದ್ದಿತು.