ಕೆಂಪಿಗೂ ಮುಂಚೆ ಕಪ್ಪು

ಅಂಗಡಿಯವರು ಪ್ಲಾಸ್ಟಿಕ್ ಚೀಲದ ಮೇಲೆ ಮಾರ್ಕರ್‌ನಲ್ಲಿ ಗೀಚುವ ಹೆಸರುಗಳನ್ನೆಲ್ಲ ನಂಬಿದರೆ ಕುಬ್ಜ ಸಿಕ್ಲಿಡ್ ಮೀನುಗಳ ಪಟ್ಟಿಗೆ ಕೊನೆಯೇ ಇರುವುದಿಲ್ಲ. ಡಬಲ್ ರೆಡ್, ಟ್ರಿಪಲ್ ರೆಡ್, ಆರೆಂಜ್ ಫ್ಲ್ಯಾಶ್, ಸನ್‌ಬರ್ಸ್ಟ್: ಕೊಳ್ಳುವವರಿಗೆ ಇವು ನಾಲ್ಕು ಬೇರೆ ಬೇರೆ ಮೀನು. ಅಸಲಿಗೆ ಸಾಮಾನ್ಯವಾಗಿ ನಾಲ್ಕೂ ಒಂದೇ, ಏಪಿಸ್ಟೋಗ್ರಾಮಾ ಕ್ಯಾಕಟುವಾಯ್ಡಿಸ್. ಬೆನ್ನಿನ ಈಜುರೆಕ್ಕೆಯ ಮುಂದಿನ ಕೆಲವು ಎಳೆಗಳು ಕಾಕಟೂ ಗಿಳಿಯ ಜುಟ್ಟಿನ ಹಾಗೆ ನೆಟ್ಟಗೆ ನಿಲ್ಲುವುದರಿಂದ 1951ರಲ್ಲಿ ಹೂಡೆಮಾನ್ ಇದಕ್ಕೆ ಆ ಹೆಸರಿಟ್ಟ. ಪೆರುವಿನ ಅಮೆಜಾನ್ ಸೀಮೆಯ ತೊರೆಗಳಲ್ಲಿ ಸಿಗುವ ಕಾಡುಗಂಡಿನ ಮೈ ಬೂದಿಮಿಶ್ರಿತ ಹಳದಿ, ಬಾಲದಲ್ಲಿ ಇದ್ದರೆ ನಾಲ್ಕಾರು ಕೆಂಪು-ಕಪ್ಪು ಚುಕ್ಕಿ. ಉಳಿದ ಬೆಂಕಿಯೆಲ್ಲ ಟ್ಯಾಂಕ್‌ಗಳಲ್ಲಿ ತಲೆಮಾರುಗಟ್ಟಲೆ ಆಯ್ದು ಆಯ್ದು ಹೊತ್ತಿಸಿದ್ದು.

ನಾನು ಬೆಂಗಳೂರಿನಲ್ಲಿ ಇವನ್ನು ಸಾಕಿ ಮರಿ ಮಾಡಿಸುತ್ತ ಬಂದವನೆಂದು ಪರಿಚಯದವರು ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ, “ಸರ್, ಇದು ಯಾವ ವೆರೈಟಿ?” ಎಂದು ಕೇಳುತ್ತಾರೆ. ಹೆಚ್ಚಿನ ಫೋಟೊಗಳಲ್ಲಿ ನೀಲಿ ಎಲ್‌ಇಡಿ ಬೆಳಕು, ಅರಳಿದ ಬಾಲ, ಉರಿಗೆಂಪು. ನಾನು ವಾಪಸ್ ಕೇಳುವುದು ಒಂದೇ: ಬಿಳಿ ಬೆಳಕಿನಲ್ಲಿ, ಮೀನು ಅಡ್ಡ ನಿಂತಾಗ, ಪಕ್ಕದಲ್ಲಿ ಜಗಳಕ್ಕೆ ಯಾರೂ ಇಲ್ಲದಾಗ ಇನ್ನೊಂದು ತೆಗೆಯಿರಿ. ನನಗೆ ಬೇಕಾದದ್ದು ಅದರ ಕಪ್ಪು.

ಇದು ನನ್ನ ಹಟವಲ್ಲ. ಏಪಿಸ್ಟೋಗ್ರಾಮಾ ಕುಲದ (ನಮ್ಮ ಬಾಯಲ್ಲಿ ಏಪಿಸ್ಟೋಗಳ) ವರ್ಗೀಕರಣಕ್ಕೆ ಒಂದು ಶಿಸ್ತು ತಂದವನು ಸ್ವೀಡನ್ನಿನ ಸ್ವೆನ್ ಕುಲಾಂಡರ್. ಅವನಾಗಲಿ ಅವನಿಗಿಂತ ಹಿಂದಿನವರಾಗಲಿ ಬಹುಪಾಲು ನೋಡಿದ್ದು ಸಂಗ್ರಹಾಲಯದ ಸೀಸೆಗಳಲ್ಲಿ ಮದ್ಯಸಾರದಲ್ಲಿ ಮುಳುಗಿದ ಮೀನುಗಳನ್ನು. ಅದರಲ್ಲಿಟ್ಟ ಮೀನಿನ ಕೆಂಪು, ಹಳದಿ ಕರಗಿ ಹೋಗುತ್ತವೆ, ಹೊಳೆಯುವ ನೀಲಿಯೂ ಮಂಕಾಗುತ್ತದೆ. ಉಳಿಯುವುದು ಮೆಲನಿನ್ ಬರೆದ ಗುರುತುಗಳು: ಕಣ್ಣಿನಿಂದ ಕೆನ್ನೆಗಿಳಿಯುವ ಗೆರೆ, ಪಕ್ಕೆಯ ಉದ್ದನೆಯ ಪಟ್ಟಿ, ಮೈಮೇಲಿನ ಅಡ್ಡ ಪಟ್ಟೆಗಳು, ಹೊಟ್ಟೆಯ ಬದಿಯ ಸಾಲುಗಳು, ಬಾಲದ ಬುಡದ ಚುಕ್ಕೆ. ಜೀವಂತ ಮೀನಿನಲ್ಲೂ ನಂಬಬಹುದಾದ್ದು ಇವೇ. ಇದೇ ಕುಲದ ಅಗಾಸಿಜಿಯ ಗಂಡನ್ನು ನೋಡಿ. ಪಕ್ಕೆಯ ಪಟ್ಟಿ ಬಾಲದ ಬುಡದಲ್ಲಿ ನಿಲ್ಲದೆ ರೆಕ್ಕೆಯೊಳಕ್ಕೂ ನುಗ್ಗುತ್ತದೆ, ಬಾಲ ಭರ್ಜಿಯ ಮೊನೆಯಂತೆ ಒಂದೇ ತುದಿಗೆ ಚೂಪಾಗುತ್ತದೆ. ಕ್ಯಾಕಟುವಾಯ್ಡಿಸ್‌ನಲ್ಲಿ ಬಾಲಕ್ಕೆ ಮೇಲೊಂದು ಕೆಳಗೊಂದು ಎಳೆ, ಬಾಯಿ ದೊಡ್ಡದು, ತುಟಿ ದಪ್ಪ, ಪಕ್ಕೆಯ ಪಟ್ಟಿಯ ಕೆಳಗೆ ಹೊಟ್ಟೆಯ ಮೇಲೆ ಸಾಲುಗೆರೆಗಳು. ಒಂದು ಡಬಲ್ ರೆಡ್ ಅಗಾಸಿಜಿ, ಇನ್ನೊಂದು ಡಬಲ್ ರೆಡ್ ಕ್ಯಾಕಟುವಾಯ್ಡಿಸ್ ಎದುರಿಗಿದ್ದರೆ ಕೆಂಪನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಉಪಯೋಗವಿಲ್ಲ.

ಆದರೆ ಈ ಕಪ್ಪೂ ಮೈಗೆ ಅಂಟಿದ ಮಸಿಯಲ್ಲ, ಮೀನಿನ ಮನಸ್ಸಿಗೆ ತಕ್ಕಂತೆ ಬಂದು ಹೋಗುತ್ತದೆ. ಒಂದು ಹೆಣ್ಣು ಕ್ಯಾಕಟುವಾಯ್ಡಿಸ್ಸನ್ನು ಅಂಗಡಿಯಿಂದ ತಂದು ಟ್ಯಾಂಕ್‌ಗೆ ಬಿಟ್ಟ ದಿನ ಗಮನಿಸಿ. ಚೀಲದಲ್ಲಿ ಅದು ಬಣ್ಣವೇ ಇಲ್ಲದ ಬೂದು ಮೀನು. ನೀರಿಗಿಳಿದು ಎಲೆಗಳ ಅಡಿಗೆ ಓಡುವಾಗ ಪಕ್ಕೆಯ ಪಟ್ಟಿ ಕಡುಗಪ್ಪಾಗುತ್ತದೆ. ಇನ್ನೊಂದು ಹೆಣ್ಣು ಅಡ್ಡ ಬಂದರೆ ಉದ್ದ ಪಟ್ಟಿ ಮಸುಕಾಗಿ ಅಡ್ಡ ಪಟ್ಟೆಗಳು ಏಳುತ್ತವೆ. ಮುಂದೆ ಮಡಕೆಚೂರಿನ ಒಳಮೈಗೆ ಮೊಟ್ಟೆ ಅಂಟಿಸಿದಳೆಂದರೆ ಮೈಯೆಲ್ಲ ನಿಂಬೆಹಳದಿ, ಪಕ್ಕೆಯ ಪಟ್ಟಿ ಕುಗ್ಗಿ ಒಂದೇ ಕರಿ ಬೊಟ್ಟು, ಎದೆರೆಕ್ಕೆಗಳ ಕೆಳಗಿನ ಜೋಡಿ ರೆಕ್ಕೆಯ ಅಂಚು ಕಾಡಿಗೆ ತೀಡಿದಷ್ಟು ಕಪ್ಪು. ಈ ನಾಲ್ಕು ಹೊತ್ತಿನ ನಾಲ್ಕು ಫೋಟೊ ಕಳಿಸಿದರೆ ನಾಲ್ಕು ಮೀನೆಂದೇ ಜನ ವಾದಿಸುತ್ತಾರೆ. ಇದರ ಜೊತೆಗೆ ಗಂಡುಗಳ ಕಳ್ಳಾಟ ಬೇರೆ. ದೊಡ್ಡ ಗಂಡಿನ ಟ್ಯಾಂಕ್‌ನಲ್ಲಿ ಸಿಕ್ಕಿಬಿದ್ದ ಚಿಕ್ಕ ಗಂಡು ಏಟು ತಪ್ಪಿಸಿಕೊಳ್ಳಲು ಹೆಣ್ಣಿನ ಬಣ್ಣದಲ್ಲೇ ಓಡಾಡಿಕೊಂಡಿರುತ್ತದೆ. ದೊಡ್ಡದನ್ನು ಎತ್ತಿ ಬೇರೆಡೆ ಬಿಟ್ಟ ಮೇಲೆ ‘ಹೆಣ್ಣಿನ’ ಬೆನ್ನುರೆಕ್ಕೆ ಉದ್ದವಾಗತೊಡಗುತ್ತದೆ! ಹಾಗಾಗಿ ಹೊಸ ಮೀನಿಗೆ ನಾನು ತಕ್ಷಣ ಹೆಸರು ಕೊಡುವುದಿಲ್ಲ. ಕಾಡುಬಾದಾಮಿ ಎಲೆ ಹಾಕಿ, ಬೆಳಕು ತಗ್ಗಿಸಿ, ಅದು ಮೂಲೆ ಹಿಡಿದು ತನ್ನ ಜಾಗ ಮಾಡಿಕೊಳ್ಳುವ ತನಕ ಕಾಯುತ್ತೇನೆ.

ಬಣ್ಣವನ್ನು ನಂಬಿ ಇಡೀ ವ್ಯಾಪಾರವೇ ದಾರಿ ತಪ್ಪಿದ್ದಕ್ಕೆ ಮ್ಯಾಕ್‌ಮಾಸ್ಟೆರಿ ಮತ್ತು ವಿಯೆಹಿಟಾ ಎಂಬ ಏಪಿಸ್ಟೋಗಳೇ ಸಾಕ್ಷಿ. ಎರಡೂ ಕೊಲಂಬಿಯಾದ ಮೀನುಗಳು, ಎರಡನ್ನೂ 1979ರಲ್ಲಿ ಕುಲಾಂಡರನೇ ವಿವರಿಸಿದ. ಹವ್ಯಾಸಿಗಳ ಪುಸ್ತಕಗಳಲ್ಲಿ ‘ವಿಯೆಹಿಟಾ, ಬಣ್ಣರೂಪ ಎರಡು’, ‘ಬಣ್ಣರೂಪ ಮೂರು’ ಎಂದೆಲ್ಲ ಅಚ್ಚಾದವು, ಅದೇ ಹೆಸರಿನಲ್ಲಿ ಮೀನು ಲೋಕವೆಲ್ಲ ಹರಿದಾಡಿತು. ಆಮೇಲೆ ನೋಡಿದರೆ ವಿಯೆಹಿಟಾ ಎಂದು ಮಾರಾಟವಾಗುತ್ತಿದ್ದ ಕೆಂಪಂಚಿನ ಆ ಚೆಲುವರಲ್ಲಿ ಬಹುಪಾಲು ಮ್ಯಾಕ್‌ಮಾಸ್ಟೆರಿ. ಪುಸ್ತಕ ತಿದ್ದಿಕೊಂಡರೂ ಚೀಲದ ಮೇಲಿನ ಬರಹ ತಿದ್ದಿಕೊಂಡಿಲ್ಲ. ಈಗಲೂ ‘ವಿಯೆಹಿಟಾ ಗೋಲ್ಡ್’ ಎಂದು ಯಾರಾದರೂ ಹೇಳಿದರೆ ನಾನು ಮನಸ್ಸಿನಲ್ಲೇ ಮ್ಯಾಕ್‌ಮಾಸ್ಟೆರಿ ಎಂದು ಬರೆದುಕೊಂಡು ಮಾತು ಮುಂದುವರಿಸುತ್ತೇನೆ.

ನನ್ನ ಎಣಿಕೆಯನ್ನು ಪೂರ್ತಿ ಬುಡಮೇಲು ಮಾಡಿದ್ದು ಮಾತ್ರ ಆಫ್ರಿಕಾದ ಕ್ರಿಬ್, ಅಂದರೆ ಪೆಲ್ವಿಕಾಕ್ರೋಮಿಸ್ ಪುಲ್ಚರ್. ಬಡವರ ಬಂಗಾರ ಎನ್ನಬಹುದಾದಷ್ಟು ಅಗ್ಗದ, ಗಟ್ಟಿ ಜೀವದ ಮೀನು, ನಮ್ಮ ಬೋರ್‌ವೆಲ್ ನೀರಿಗೂ ಹೊಂದಿಕೊಳ್ಳುತ್ತದೆ. ಇದರ ಗಂಡುಗಳಲ್ಲಿ ಕಿವಿರಿನ ಮುಚ್ಚಳ ಮತ್ತು ಎದೆ ಕೆಲವಕ್ಕೆ ಕೆಂಪು, ಕೆಲವಕ್ಕೆ ಹಳದಿ. ಮಾರುವವರು ಸಹಜವಾಗಿ ‘ರೆಡ್ ಕ್ರಿಬ್’, ‘ಯೆಲ್ಲೋ ಕ್ರಿಬ್’ ಎಂದು ಬೆಲೆ ಬೇರೆ ಹಾಕುತ್ತಾರೆ. ಒಂದೇ ಜೋಡಿಯ ಒಂದೇ ಸಲದ ಮರಿಗಳಲ್ಲಿ ನನಗೆ ಎರಡೂ ಸಿಕ್ಕಾಗ ಇದೇನೆಂದು ಓದಿ ನೋಡಿದೆ. ಕೆಂಪು, ಹಳದಿ ಎರಡು ತಳಿಗಳಲ್ಲ, ಒಂದೇ ಸಮುದಾಯದೊಳಗಿನ ಎರಡು ಬಗೆಯ ಗಂಡುಗಳು. 1997ರಲ್ಲಿ ಮಾರ್ಟಿನ್ ಮತ್ತು ಟಾಬೋರ್ಸ್ಕಿ ಪ್ರಕಟಿಸಿದ ಅಧ್ಯಯನ ಈ ಗಂಡುಗಳ ಬೇರೆ ಬೇರೆ ಸಂಸಾರದ ಲೆಕ್ಕಾಚಾರಗಳನ್ನು ಬಿಡಿಸಿಟ್ಟಿತು: ಒಂದೇ ಹೆಣ್ಣಿನೊಂದಿಗೆ ಬಾಳುವವು, ಹಲವು ಹೆಣ್ಣುಗಳ ಯಜಮಾನರು, ಆ ಯಜಮಾನನ ನೆರಳಿನಲ್ಲಿ ಹೊಂಚುವ ಅಡಿಯಾಳುಗಳು. ಮರಿಗಳು ಎಳೆಯವಾಗಿದ್ದಾಗಿನ ನೀರಿನ ಆಮ್ಲೀಯತೆ ಗಂಡು-ಹೆಣ್ಣಿನ ಪ್ರಮಾಣವನ್ನಷ್ಟೇ ಅಲ್ಲದೆ ಗಂಡಿನ ಬಗೆಯನ್ನೂ ಬದಲಿಸುತ್ತದೆಂದು 2013ರಲ್ಲಿ ರೆಡನ್ ಮತ್ತು ಹರ್ಡ್ ತೋರಿಸಿದರು. ನೀರಿನ ಆಮ್ಲೀಯತೆಯೂ ಬಣ್ಣಕ್ಕೆ ಕೈ ಹಾಕಬಲ್ಲದು ಎಂದಾದ ಮೇಲೆ ‘ಯೆಲ್ಲೋ ಕ್ರಿಬ್’ಗೆ ಹೆಚ್ಚು ದುಡ್ಡು ಕೊಡುವುದು ಹೇಗೆ?

ಏಪಿಸ್ಟೋಗಳಲ್ಲೂ ನೀರು ಹೀಗೆಯೇ ಆಟ ಆಡುತ್ತದೆ. ಮರಿಗಳಿದ್ದ ಟ್ಯಾಂಕ್ ಬಿಸಿಯಾಗಿದ್ದರೆ ಗಂಡು ಹೆಚ್ಚು, ತಂಪಾಗಿದ್ದರೆ ಹೆಣ್ಣು ಹೆಚ್ಚು ಎಂಬುದನ್ನು ಊವೆ ರ‍್ಯೋಮರ್ ಮತ್ತು ಬೈಸನ್‌ಹರ್ಟ್ಸ್ 1996ರಲ್ಲಿ ಹಲವು ಪ್ರಭೇದಗಳಲ್ಲಿ ಪರೀಕ್ಷಿಸಿ ಬರೆದರು. ಏಪ್ರಿಲ್ ತಿಂಗಳಲ್ಲಿ ಹುಟ್ಟಿದ ಮರಿಗಳನ್ನು ‘ಜೋಡಿ’ ಎಂದು ಕೇಳಿಕೊಂಡು ಬರುವವರಿಗೆ ನಾನು ಇದನ್ನೇ ಹೇಳಿ ಕಳಿಸುತ್ತೇನೆ.

ಕಪ್ಪನ್ನೇ ಹಿಡಿದುಕೊಂಡು ಕೂತರೆ ಕೈಕೊಡುವ ಮೀನೂ ಒಂದಿದೆ, ಎಲೆಕ್ಟ್ರಿಕ್ ಬ್ಲೂ ರ‍್ಯಾಮ್. ರ‍್ಯಾಮ್‌ನ ಮೂಲ ರೂಪ ಕೊಲಂಬಿಯಾ-ವೆನೆಜುವೆಲಾದ ಒರಿನೋಕೊ ಬಯಲುಗಳದು, 1948ರಲ್ಲಿ ಹೆಸರು ಪಡೆದದ್ದು. ಅದರಲ್ಲಿ ಕಣ್ಣಿನ ಮೇಲೆ ಹಾದುಹೋಗುವ ಕಪ್ಪು ಪಟ್ಟೆ, ಪಕ್ಕೆಯ ಕಪ್ಪು ಮಚ್ಚೆ, ಬೆನ್ನುರೆಕ್ಕೆಯ ಮುಂಭಾಗದ ಕಪ್ಪು ಕಡ್ಡಿಗಳು ಸ್ಪಷ್ಟ. ಹೆಣ್ಣಿನ ಹೊಟ್ಟೆ ಗುಲಾಬಿ, ಆ ಕಪ್ಪು ಮಚ್ಚೆಯೊಳಗೇ ನೀಲಿ ಮಿನುಗು ಹರಡಿರುತ್ತದೆ. ಗಂಡಿನ ಮಚ್ಚೆ ಹೆಚ್ಚಾಗಿ ಬರಿ ಕಪ್ಪು. ಎಲೆಕ್ಟ್ರಿಕ್ ಬ್ಲೂನಲ್ಲಿ ಈ ಗುರುತುಗಳನ್ನೆಲ್ಲ ನೀಲಿ ನುಂಗಿಬಿಟ್ಟಿದೆ. ಗೋಲ್ಡ್ ರ‍್ಯಾಮ್‌ನಲ್ಲೂ ಕಪ್ಪು ಅಳಿಸಿಹೋಗಿದೆ. ಆಗ ಉಳಿಯುವುದು ಆಕಾರ, ರೆಕ್ಕೆಯ ಉದ್ದ, ನಡವಳಿಕೆ, ಮತ್ತು ತಾಳ್ಮೆ. ‘ಜರ್ಮನ್ ಬ್ಲೂ’ ಎಂಬುದಂತೂ ಬರಿ ವ್ಯಾಪಾರದ ಹೆಸರು. ಬಲೂನ್ ರ‍್ಯಾಮ್ ವಿಷಯಕ್ಕೆ ನಾನು ಹೋಗುವುದಿಲ್ಲ. ಬೆನ್ನುಮೂಳೆ ಮೊಟಕಾದ ಮೀನನ್ನು ವೆರೈಟಿ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಚೆನ್ನೈನ ಕೊಳತ್ತೂರಿನಿಂದಲೋ ಆಗ್ನೇಯ ಏಷ್ಯಾದ ಫಾರ್ಮ್‌ಗಳಿಂದಲೋ ಬರುವ ಮೀನು ಮೊದಲ ದಿನ ಮಿರಮಿರ ಮಿಂಚುತ್ತಿದ್ದರೆ ಖುಷಿಪಡುವ ಮೊದಲು ಅದನ್ನು ಒಂದೆರಡು ತಿಂಗಳು ಮಾಮೂಲಿ ಆಹಾರದಲ್ಲಿ ಇಟ್ಟು ನೋಡಬೇಕು. ಕೆರೊಟಿನಾಯ್ಡ್ ತುಂಬಿದ ಆಹಾರದಿಂದ ಬಂದ ಕೆಂಪು ಆ ಆಹಾರ ನಿಂತ ಮೇಲೆ ಮೆಲ್ಲಗೆ ಇಳಿಯುತ್ತದೆ. ಹಾರ್ಮೋನ್ ಕೊಟ್ಟ ಮೀನಾದರೆ ಎಳೆಯ ಮರಿಗಳಲ್ಲೇ ಎಲ್ಲಕ್ಕೂ ಗಂಡಿನ ಬಣ್ಣ, ಹೆಣ್ಣುಗಳಿಗೂ ಸಹ. ಇಡೀ ಟ್ಯಾಂಕ್‌ನಲ್ಲಿ ಒಂದೂ ಸಪ್ಪೆ ಹೆಣ್ಣು ಕಾಣದಿದ್ದರೆ ನಾನು ಆ ಅಂಗಡಿಯಲ್ಲಿ ಗಿಡ ಕೊಂಡು ಬರುತ್ತೇನೆ.

ಇಷ್ಟೆಲ್ಲ ಆದ ಮೇಲೆ ಬಣ್ಣದ ಹೆಸರಿಗೂ ಒಂದು ಜಾಗವಿದೆ, ಆದರೆ ಕೊನೆಯ ಜಾಗ. ನನ್ನ ಟ್ಯಾಂಕ್‌ಗಳ ಮೇಲಿನ ಚೀಟಿಯಲ್ಲಿ ಮೊದಲು ಪ್ರಭೇದ, ಆಮೇಲೆ ಗೊತ್ತಿದ್ದರೆ ಊರು, ಕಟ್ಟಕಡೆಗೆ ಲೈನ್, ಅಂದರೆ ಬಣ್ಣದ ತಳಿ. ಕಾಡಿನ ಅಗಾಸಿಜಿಗೆ ‘ಟೆಫೆ’ ಅಥವಾ ‘ಅಲೆಂಕೆರ್’ ಎಂಬ ಊರಿನ ಹೆಸರು ಯಾವ ಬಣ್ಣದ ಹೆಸರಿಗಿಂತಲೂ ಬೆಲೆಬಾಳುವಂಥದ್ದು. ಅಮೆಜಾನಿನುದ್ದಕ್ಕೂ ಹರಡಿದ ಈ ಮೀನು ಜಾಗದಿಂದ ಜಾಗಕ್ಕೆ ಬೇರೆ ಕಾಣುತ್ತದೆ, ಎರಡು ಊರಿನವನ್ನು ಬೆರೆಸಿದರೆ ಮತ್ತೆ ಬೇರ್ಪಡಿಸಲಾಗದು. ನಮ್ಮದೇ ಮನೆಯ ಮಾತು ಹೇಳುವುದಾದರೆ ದಕ್ಷಿಣ ಕನ್ನಡ ಸೀಮೆಯ ಹೊಳೆಗಳಲ್ಲಿ ಇರುವ ಸಿಕ್ಲಿಡ್ ಒಂದಿದೆ, 1877ರಲ್ಲಿ ಫ್ರಾನ್ಸಿಸ್ ಡೇ ವಿವರಿಸಿದ ಎಟ್ರೋಪ್ಲಸ್ ಕನರೆನ್ಸಿಸ್. ಕುಬ್ಜ ಅಲ್ಲ, ಆದರೂ ಅಪರೂಪದ್ದು. ಅದನ್ನು ಬೇರೊಂದು ಪ್ರಭೇದವಾದ ‘ಗ್ರೀನ್ ಕ್ರೋಮೈಡ್‌ನ ವೆರೈಟಿ’ ಎಂದು ಅಂಗಡಿಯಲ್ಲಿ ಕರೆದಾಗ ಮಾತ್ರ ನಾನು ಸುಮ್ಮನಿರುವುದಿಲ್ಲ.

ಟ್ರಿಪಲ್ ರೆಡ್ ಎಂದರೆ ಬೆನ್ನು, ಬಾಲ, ಗುದ ಈ ಮೂರು ರೆಕ್ಕೆಗಳಲ್ಲೂ ಕೆಂಪು, ಡಬಲ್ ಎಂದರೆ ಎರಡರಲ್ಲಿ. ಹಾಗೆಂದು ಟ್ರಿಪಲ್ ರೆಡ್ ಜೋಡಿಯ ಮರಿಗಳೆಲ್ಲ ಟ್ರಿಪಲ್ ರೆಡ್ ಆಗುವುದಿಲ್ಲ. ಕೆಲವು ಡಬಲ್‌ಗೇ ನಿಲ್ಲುತ್ತವೆ, ಕೆಲವಕ್ಕೆ ಬಾಲದಲ್ಲಿ ನಾಲ್ಕು ಚುಕ್ಕಿ ಅಷ್ಟೆ. ಬೇಗ ಬಣ್ಣ ಕಟ್ಟಿದ ಮರಿಯೇ ಕೊನೆಗೆ ಒಳ್ಳೆಯದಾಗುತ್ತದೆಂಬ ಭರವಸೆಯೂ ಇಲ್ಲ, ಹಾಗಾಗಿ ಪೂರ್ತಿ ಬಲಿಯುವ ತನಕ ಆರಿಸಲು ಹೋಗುವುದಿಲ್ಲ. ನಾಲ್ಕು ಚುಕ್ಕಿಯವನ್ನು ಬರಿ ಕ್ಯಾಕಟುವಾಯ್ಡಿಸ್ ಎಂದು ಬರೆದು ಕಡಿಮೆ ಬೆಲೆಗೆ ಕೊಡುತ್ತೇನೆ. “ಸ್ವಲ್ಪ ಕೆಂಪು ಇದೆಯಲ್ಲ ಸರ್, ಡಬಲ್ ರೆಡ್ ಅಂತಲೇ ಬರೆದುಕೊಡಿ” ಎಂದವರೂ ಇದ್ದಾರೆ. ಚೀಟಿ ಬದಲಿಸಿಲ್ಲ. ಅವರು ಮೀನು ಮಾತ್ರ ಒಯ್ದರು.