ನಾಮಪದವೋ ಕ್ರಿಯಾಪದವೋ: ವ್ಯಾಪಾರಿ ಪತ್ರಗಳಲ್ಲಿ ಇಂಗ್ಲಿಷ್ ಕಾಗುಣಿತ

ಹೊರರಾಜ್ಯದ ಗಿರಾಕಿಗಳು, ಬ್ಯಾಂಕುಗಳು ಹಾಗೂ ಇಲಾಖೆಗಳೊಡನೆ ನಡೆಸುವ ಪತ್ರವ್ಯವಹಾರದಲ್ಲಿ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ಬಹುಮಟ್ಟಿಗೆ ಇಂಗ್ಲಿಷನ್ನೇ ಆಶ್ರಯಿಸುತ್ತಾರೆ. ಕೊಟೇಶನ್ನಿನ ಮೊಬಲಗನ್ನು ಎರಡು ಬಾರಿ ತಾಳೆ ನೋಡುವವರು ಅದರ ಜೊತೆಗಿನ ಪತ್ರದ ಕಾಗುಣಿತವನ್ನು ಒಮ್ಮೆಯೂ ನೋಡದಿರುವುದುಂಟು. ಇಂಗ್ಲಿಷಿನ ಕೆಲವು ಪದಜೋಡಿಗಳಲ್ಲಿ ಒಂದೇ ಅಕ್ಷರ ಬದಲಾದರೆ ನಾಮಪದವು ಕ್ರಿಯಾಪದವಾಗುತ್ತದೆ. ಕೆಲವೊಮ್ಮೆ ವಾಕ್ಯದ ಅರ್ಥವೇ ತಿರುವುಮುರುವಾಗುತ್ತದೆ. ವ್ಯವಹಾರದಲ್ಲಿ ಪದೇ ಪದೇ ಎದುರಾಗುವ ಅಂಥ ಜೋಡಿಗಳನ್ನು ಇಲ್ಲಿ ವಿವರಿಸಲಾಗಿದೆ.

ಸಿ ಅಕ್ಷರ, ಎಸ್ ಅಕ್ಷರ

ಭಾರತದಲ್ಲಿ ರೂಢಿಯಲ್ಲಿರುವ ಬ್ರಿಟಿಷ್ ಪದ್ಧತಿಯಂತೆ ಅಡ್ವೈಸ್, ಡಿವೈಸ್, ಪ್ರಾಕ್ಟಿಸ್, ಲೈಸೆನ್ಸ್ ಈ ನಾಲ್ಕೂ ಪದಗಳನ್ನು ನಾಮಪದವಾದಾಗ ಸಿ ಅಕ್ಷರದಿಂದಲೂ ಕ್ರಿಯಾಪದವಾದಾಗ ಎಸ್ ಅಕ್ಷರದಿಂದಲೂ ಬರೆಯಬೇಕು. ಮೊದಲೆರಡು ಪದಗಳಲ್ಲಿ ಉಚ್ಚಾರಣೆಯೂ ಬದಲಾಗುತ್ತದೆ: ನಾಮಪದವು ‘ಸ’ಕಾರದಿಂದ ಮುಗಿದರೆ ಕ್ರಿಯಾಪದವು ‘ಜ’ಕಾರಕ್ಕೆ ಸಮೀಪದ ಧ್ವನಿಯಿಂದ ಮುಗಿಯುತ್ತದೆ. ಆದರೆ ಕನ್ನಡಿಗರ ನಾಲಗೆಯಲ್ಲಿ ಈ ಭೇದವು ಅಳಿಸಿಹೋಗುವುದೇ ಹೆಚ್ಚು. ಉಳಿದೆರಡು ಪದಗಳಲ್ಲಿ ಉಚ್ಚಾರಣೆ ಒಂದೇ ಆದ್ದರಿಂದ ಕಿವಿಯನ್ನು ನಂಬಿ ಬರೆಯುವಂತಿಲ್ಲ.

ಬ್ಯಾಂಕಿನಿಂದ ಬರುವ ಪಾವತಿಯ ತಿಳಿವಳಿಕೆ ಪತ್ರವಾದ ಪೇಮೆಂಟ್ ಅಡ್ವೈಸ್ ನಾಮಪದ, ಅಲ್ಲಿ ಸಿ. ಲೆಟರ್ ಆಫ್ ಕ್ರೆಡಿಟ್ ತೆರೆದಿರುವುದನ್ನು ರಫ್ತುದಾರನಿಗೆ ತಿಳಿಸುವ ಅಡ್ವೈಸಿಂಗ್ ಬ್ಯಾಂಕ್ ಎಂಬಲ್ಲಿ ಮೂಲವು ಕ್ರಿಯಾಪದ, ಅಲ್ಲಿ ಎಸ್. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಸರ್ಟಿಫಿಕೇಟ್ ಆಫ್ ಪ್ರಾಕ್ಟಿಸ್‌ನಲ್ಲಿ ಸಿ. ಪ್ರಾಕ್ಟಿಸಿಂಗ್ ಚಾರ್ಟರ್ಡ್ ಅಕೌಂಟೆಂಟ್ ಎಂಬಲ್ಲಿ ಎಸ್. ಗೋಡೆಗೆ ತೂಗುಹಾಕುವ ಲೈಸೆನ್ಸಿಗೆ ಸಿ. ಲೈಸೆನ್ಸ್ಡ್, ಲೈಸೆನ್ಸೀ, ಲೈಸೆನ್ಸಿಂಗ್ ಎಂಬ ರೂಪಗಳಿಗೆ ಎಸ್.

ಕನ್ನಡದ ಒರೆಗಲ್ಲು

ಸಂದೇಹ ಬಂದಾಗ ವಾಕ್ಯವನ್ನು ಮನಸ್ಸಿನಲ್ಲಿಯೇ ಕನ್ನಡಕ್ಕೆ ತಿರುಗಿಸಿ ನೋಡುವುದು ಸುಲಭೋಪಾಯ. ಆ ಪದದ ಸ್ಥಾನದಲ್ಲಿ ಬರುವ ಕನ್ನಡ ಪದಕ್ಕೆ ‘ಅನ್ನು’, ‘ಇಂದ’, ‘ಗೆ’ ಮುಂತಾದ ವಿಭಕ್ತಿ ಪ್ರತ್ಯಯ ಹತ್ತುವುದಾದರೆ ಅದು ನಾಮಪದ. ‘ತಿಳಿಸಿರಿ’, ‘ತಿಳಿಸುತ್ತೇವೆ’ ಎಂಬಂತೆ ಕ್ರಿಯಾರೂಪ ಬರುವುದಾದರೆ ಕ್ರಿಯಾಪದ. ‘ನಿಮ್ಮ ಸಲಹೆಯನ್ನು ನಿರೀಕ್ಷಿಸುತ್ತೇವೆ’ ಎಂಬಲ್ಲಿ ಸಿ ಬಳಸಬೇಕು. ‘ಸರಕು ರವಾನೆಯ ದಿನಾಂಕವನ್ನು ತಿಳಿಸಿರಿ’ ಎಂಬಲ್ಲಿ ಎಸ್ ಬಳಸಬೇಕು.

ಹಣದ ಮಾತಿನಲ್ಲಿ ಹೆಚ್ಚು ಅಪಾಯದ ಜೋಡಿ

ಎ ಅಕ್ಷರದಿಂದ ಆರಂಭವಾಗುವ ಅಫೆಕ್ಟ್ ಸಾಮಾನ್ಯವಾಗಿ ಕ್ರಿಯಾಪದ. ‘ಬಾಧಿಸು, ಪರಿಣಾಮ ಬೀರು’ ಎಂದು ಅರ್ಥ. ಇ ಅಕ್ಷರದಿಂದ ಆರಂಭವಾಗುವ ಎಫೆಕ್ಟ್ ಸಾಮಾನ್ಯವಾಗಿ ನಾಮಪದ. ‘ಪರಿಣಾಮ’ ಎಂದು ಅರ್ಥ. ಆದರೆ ವಾಣಿಜ್ಯ ಭಾಷೆಯಲ್ಲಿ ಎಫೆಕ್ಟ್ ಪದವು ‘ನೆರವೇರಿಸು’ ಎಂಬರ್ಥದಲ್ಲಿ ಕ್ರಿಯಾಪದವಾಗಿಯೂ ಬಳಕೆಯಲ್ಲಿದೆ. ತೊಡಕಿರುವುದು ಇಲ್ಲಿಯೇ. ‘30ನೇ ತಾರೀಖಿನೊಳಗೆ ಪಾವತಿಯನ್ನು ನೆರವೇರಿಸಲಾಗುವುದು’ ಎಂದು ಬರೆಯಹೊರಟವರು ಇ ಬದಲು ಎ ಬಳಸಿದರೆ, ‘ಪಾವತಿಗೆ ಬಾಧೆಯಾಗುವುದು’ ಎಂದೇ ಅರ್ಥ ಹೊರಡುತ್ತದೆ. ಸರಕು ಪೂರೈಕೆಯ ಮಾತಿಗೂ ಇದು ಅನ್ವಯಿಸುತ್ತದೆ.

ಪಾವತಿಯ ಷರತ್ತುಗಳು ಬರವಣಿಗೆಯಲ್ಲಿರುವಾಗ ಇಂತಹ ಲೋಪ ಕ್ಷುಲ್ಲಕವಲ್ಲ. ಅತಿಸಣ್ಣ ಹಾಗೂ ಸಣ್ಣ ಉದ್ಯಮಗಳಿಂದ ಸರಕು ಪಡೆದ ಖರೀದಿದಾರರು ಲಿಖಿತ ಒಪ್ಪಂದದಲ್ಲಿ ಗೊತ್ತುಪಡಿಸಿಕೊಳ್ಳುವ ಪಾವತಿಯ ಅವಧಿಯು 45 ದಿನಗಳನ್ನು ಮೀರಕೂಡದೆಂದು 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯ 15ನೇ ಕಲಮು ವಿಧಿಸುತ್ತದೆ. ಅವಧಿಯನ್ನು ನಿರ್ಧರಿಸುವ ಬರಹವೇ ದ್ವಂದ್ವಾರ್ಥಕ್ಕೆ ಎಡೆಗೊಟ್ಟರೆ ವಾದಕ್ಕೆ ಬಾಗಿಲು ತೆರೆದಂತೆ.

ಅಂಗಡಿಯ ಫಲಕದಿಂದ ದೂರುಪತ್ರದವರೆಗೆ

ಸೇಲ್ ಎಂದರೆ ‘ಮಾರಾಟ’. ಸೆಲ್ ಎಂದರೆ ‘ಮಾರು’. ‘ಇಲ್ಲಿ ಎಲ್ಲ ಬಗೆಯ ಪಂಪುಗಳನ್ನು ಮಾರುತ್ತೇವೆ’ ಎಂಬ ಫಲಕಕ್ಕೆ ಸೆಲ್ ಸರಿ. ‘ಮಾರಾಟಕ್ಕಿದೆ’ ಎಂಬುದಕ್ಕೆ ಸೇಲ್ ಸರಿ. ಲಾಸ್ ‘ನಷ್ಟ’, ಒಂದೇ ಓ ಉಳ್ಳ ಲೂಸ್ ‘ಕಳೆದುಕೊಳ್ಳು’, ಎರಡು ಓ ಉಳ್ಳ ಲೂಸ್ ‘ಸಡಿಲವಾದ, ಬಿಡಿಯಾದ’ ಎಂಬ ವಿಶೇಷಣ. ಕೊನೆಯಲ್ಲಿ ಟಿ ಇರುವ ಕಂಪ್ಲೇಂಟ್ ‘ದೂರು’. ಟಿ ಇಲ್ಲದ ಕಂಪ್ಲೇನ್ ‘ದೂರು ಹೇಳು’. ಎಫ್ ಅಕ್ಷರದಿಂದ ಮುಗಿಯುವ ಪ್ರೂಫ್ ‘ಪುರಾವೆ’. ವಿ ಅಕ್ಷರವುಳ್ಳ ಪ್ರೂವ್ ‘ಸಾಬೀತುಪಡಿಸು’.

ಅಮೆರಿಕದ ಪದ್ಧತಿ ಮತ್ತು ಕಾನೂನಿನ ಪಠ್ಯ

ಅಮೆರಿಕದಲ್ಲಿ ಪ್ರಾಕ್ಟಿಸ್ ಪದಕ್ಕೆ ಎರಡೂ ಅರ್ಥಗಳಲ್ಲಿ ಸಿ, ಲೈಸೆನ್ಸ್ ಪದಕ್ಕೆ ಎರಡೂ ಅರ್ಥಗಳಲ್ಲಿ ಎಸ್ ರೂಢಿಯಲ್ಲಿದೆ. ಆದ್ದರಿಂದ ಅಮೆರಿಕದ ಖರೀದಿದಾರರ ಪತ್ರದಲ್ಲಿ ಅಂತಹ ರೂಪ ಕಂಡರೆ ತಪ್ಪೆಂದು ಭಾವಿಸಬೇಕಾಗಿಲ್ಲ. ನಮ್ಮ ಕಾಯ್ದೆಗಳಲ್ಲಿಯೂ ಏಕರೂಪತೆಯಿಲ್ಲ: 1882ರ ಇಂಡಿಯನ್ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಕಲಮಿನಲ್ಲಿ ಲೈಸೆನ್ಸ್ ನಾಮಪದವಾಗಿದ್ದರೂ ಎಸ್ ಅಕ್ಷರದಿಂದಿದೆ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 31ನೇ ಕಲಮಿನಲ್ಲಿ ಸಿ ಅಕ್ಷರದಿಂದಿದೆ. ಕಾಯ್ದೆಯ ಅಥವಾ ಪ್ರಮಾಣಪತ್ರದ ಪದಗಳನ್ನು ಉದ್ಧರಿಸುವಾಗ ಮೂಲದಲ್ಲಿದ್ದಂತೆಯೇ ಬರೆಯುವುದು ಕ್ಷೇಮ.

ಬ್ಯಾಂಕಿನ ಮೇಜಿನ ಮೇಲೆ

ರಫ್ತು ದಾಖಲೆಗಳಲ್ಲಿನ ಪ್ರತಿಯೊಂದು ಕಾಗುಣಿತ ದೋಷವೂ ಹಣ ತಡೆಯುವುದಿಲ್ಲ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ 2013ರ ಐ.ಎಸ್.ಬಿ.ಪಿ. 745 ಎಂಬ ಪ್ರಕಟಣೆಯಂತೆ, ಪದದ ಅಥವಾ ವಾಕ್ಯದ ಅರ್ಥವನ್ನು ಕೆಡಿಸದ ಬೆರಳಚ್ಚಿನ ತಪ್ಪು ದಾಖಲೆಯನ್ನು ದೋಷಯುಕ್ತಗೊಳಿಸದು. ಆದರೆ ಮಾಡೆಲ್ 321 ಎಂದಿರಬೇಕಾದಲ್ಲಿ 123 ಎಂದಿದ್ದರೆ ಅದನ್ನು ಬೆರಳಚ್ಚಿನ ತಪ್ಪೆಂದು ಪರಿಗಣಿಸಲಾಗದು. ಅರ್ಥ ಬದಲಾಯಿತೇ ಇಲ್ಲವೇ ಎಂಬುದೇ ಇಲ್ಲಿನ ಅಳತೆಗೋಲು. ಈ ಅಳತೆಯಿಂದ ನೋಡಿದರೆ ಪ್ರಾಕ್ಟಿಸ್, ಲೈಸೆನ್ಸ್‌ಗಳ ತಪ್ಪು ಬಹುಮಟ್ಟಿಗೆ ಅಂದಗೇಡು ಮಾತ್ರ. ಅಫೆಕ್ಟ್, ಎಫೆಕ್ಟ್‌ಗಳ ತಪ್ಪು ಅರ್ಥಗೇಡು.

ಗಣಕಯಂತ್ರದ ಕಾಗುಣಿತ ತಪಾಸಣೆಯನ್ನೇ ಪೂರ್ಣವಾಗಿ ನಂಬುವುದೂ ತರವಲ್ಲ. ಜೋಡಿಯ ಎರಡೂ ಪದಗಳು ನಿಘಂಟಿನಲ್ಲಿರುವುದರಿಂದ ಒಂದರ ಸ್ಥಾನದಲ್ಲಿ ಮತ್ತೊಂದು ಬಂದರೂ ಯಂತ್ರವು ಸುಮ್ಮನಿರಬಹುದು. ಭಾಷೆಯ ಆಯ್ಕೆಯನ್ನು ಅಮೆರಿಕದ ಇಂಗ್ಲಿಷಿನಿಂದ ಭಾರತದ ಅಥವಾ ಬ್ರಿಟನ್ನಿನ ಇಂಗ್ಲಿಷಿಗೆ ಬದಲಿಸಿಕೊಳ್ಳುವುದು, ಪಾವತಿ ಹಾಗೂ ಪೂರೈಕೆಯ ವಾಕ್ಯಗಳನ್ನು ಮತ್ತೊಬ್ಬರಿಂದ ಓದಿಸುವುದು, ಸಂದೇಹವಿದ್ದಲ್ಲಿ ‘ವಿ ಶಲ್ ಪೇ’, ‘ವಿ ಶಲ್ ಡೆಲಿವರ್’ ಎಂಬ ನೇರ ಮಾತನ್ನೇ ಬಳಸುವುದು, ಈ ಮೂರು ಕ್ರಮಗಳು ಸಣ್ಣ ಕಚೇರಿಗೂ ಸಾಧ್ಯವಾದವು. ಅವುಗಳಿಗೆ ಖರ್ಚಿಲ್ಲ, ತಕರಾರಿಗೆ ಖರ್ಚಿದೆ.