ಟಿವಿ ಬಾಕ್ಸ್ ಕೈಕೊಟ್ಟರೆ ಬಳ್ಳಾರಿಯೋ, ಅನಂತಪುರವೋ?

ಹೊಸ ಟಿವಿ ಬಾಕ್ಸ್ ಬಂದ ಮೊದಲ ವಾರ ಬಹಳಷ್ಟು ಮನೆಗಳಲ್ಲಿ ರಗಳೆಯ ವಾರ. ರಿಮೋಟ್ ಪೇರ್ ಆಗದು. ಆಯಿತು ಎನ್ನುವಷ್ಟರಲ್ಲಿ ‘ಅಪ್‌ಡೇಟ್ ಆಗುತ್ತಿದೆ’ ಎಂದು ಪರದೆ ಕಪ್ಪಾಗಿ ಕೂರುತ್ತದೆ. ವೈಫೈ ಪಾಸ್‌ವರ್ಡನ್ನು ರಿಮೋಟಿನ ಬಾಣದ ಗುಂಡಿಯಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಬೇಕು. ಡಬ್ಬದ ಮೇಲೆ 4ಕೆ ಎಂದು ದಪ್ಪಕ್ಷರದಲ್ಲಿದೆ, ಚಿತ್ರ ಮಾತ್ರ ಹಳೇ ವಿಸಿಡಿಯಂತೆ ಮಸುಕು. ಸಿನಿಮಾ ನೋಡೋಣವೆಂದು ಆ್ಯಪ್ ತೆರೆದರೆ ಮೊದಲು ಇಮೇಲ್, ಆಮೇಲೆ ಕಾರ್ಡ್ ನಂಬರ್ ಕೇಳುತ್ತದೆ. ಅಂಗಡಿಗೆ ಫೋನ್ ಮಾಡಿದರೆ ‘ಕಸ್ಟಮರ್ ಕೇರ್‌ಗೆ ಹೇಳ್ರಿ’. ಕಸ್ಟಮರ್ ಕೇರ್‌ನವರು ‘ನಿಮ್ಮ ಇಂಟರ್ನೆಟ್ ಸರಿಯಿಲ್ಲ’. ಇಂಟರ್ನೆಟ್‌ನವರು ‘ನಮ್ಮ ಲೈನ್ ಸರಿ ಐತಿ, ಬಾಕ್ಸ್ ನೋಡ್ರಿ’. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ವಾರಂಟಿ ಕಾರ್ಡಿಗೂ ಒಪ್ಪುತ್ತದೆ.

ಬೊಮ್ಮನಹಾಳ್, ಡಿ. ಹಿರೇಹಾಳ್, ಕಣೇಕಲ್ ಕಡೆಯವರಿಗೆ ಇದರ ಮೇಲೆ ಇನ್ನೊಂದು ಗಂಟು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಹೋಯಿತು. ಬಳ್ಳಾರಿಯ ಅಂಗಡಿಬೀದಿ ಕರ್ನಾಟಕದಲ್ಲಿ ಉಳಿಯಿತು. ಮದುವೆಯ ಜವಳಿಯಿಂದ ಹಿಡಿದು ಟಿವಿಯವರೆಗೆ ದೊಡ್ಡ ಖರೀದಿ ಎಂದರೆ ಇಲ್ಲಿನವರಿಗೆ ಬಳ್ಳಾರಿಯೇ ಹತ್ತಿರ, ಜಿಲ್ಲಾ ಕೇಂದ್ರವಾದ ಅನಂತಪುರವೇ ದೂರ. ಹೀಗಾಗಿ ಬಿಲ್ಲು ಕರ್ನಾಟಕದ್ದು, ಕಂಪನಿ ಬೆಂಗಳೂರಿನದೋ ದೆಹಲಿ ಕಡೆಯದೋ, ಬಾಕ್ಸ್ ಕೂತಿರುವುದು ಆಂಧ್ರದ ಗೋಡೆಗೆ. ಕೆಟ್ಟರೆ ಯಾವ ರಾಜ್ಯದಲ್ಲಿ ಕೇಳಬೇಕು? ಇದು ತಿಳಿಯದೆಯೇ ಎಷ್ಟೋ ಮಂದಿ ಮೂರು ನಾಲ್ಕು ಸಾವಿರ ರೂಪಾಯಿಗೆ ಕೈ ಚೆಲ್ಲಿ ಕೂರುತ್ತಾರೆ.

ಗಡಿಯವರಿಗೆ ಉತ್ತರ ಅನುಕೂಲವಾಗಿಯೇ ಇದೆ. 1986ರ ಹಳೆಯ ಗ್ರಾಹಕ ಕಾಯ್ದೆಯಲ್ಲಿ ಮಾರಾಟಗಾರ ವ್ಯಾಪಾರ ಮಾಡುವ ಊರಿಗೆ, ಅಥವಾ ವ್ಯವಹಾರ ನಡೆದ ಊರಿಗೆ ಗ್ರಾಹಕನೇ ಹೋಗಬೇಕಿತ್ತು. 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 34ನೇ ಕಲಂ ಆ ಬಾಗಿಲುಗಳನ್ನು ಹಾಗೇ ಇಟ್ಟು ಇನ್ನೊಂದನ್ನು ತೆರೆಯಿತು: ದೂರುದಾರ ವಾಸವಿರುವ ಅಥವಾ ದುಡಿಯುವ ಜಾಗದ ಜಿಲ್ಲಾ ಆಯೋಗದಲ್ಲೂ ದೂರು ಕೊಡಬಹುದು. ಅಂದರೆ ಬೊಮ್ಮನಹಾಳಿನವರು ಬಳ್ಳಾರಿಯ ಅಂಗಡಿಯಲ್ಲಿ ಕೊಂಡ ಬಾಕ್ಸ್‌ಗೆ ಬಳ್ಳಾರಿ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು, ಅನಂತಪುರದ ಆಯೋಗಕ್ಕೂ ಹೋಗಬಹುದು. ಆಯ್ಕೆ ನಿಮ್ಮದು, ಅಂಗಡಿಯವರದಲ್ಲ. ಆನ್‌ಲೈನಿನಲ್ಲಿ ತರಿಸಿದ್ದರೆ ಮಾರಿದವನ ಗೋದಾಮು ಎಲ್ಲಿದ್ದರೇನು, ಅನಂತಪುರದ ಬಾಗಿಲು ನಿಮಗೆ ತೆರೆದೇ ಇದೆ. (ಮಡಕಶಿರಾ ಕಡೆಯವರು 2022ರ ಏಪ್ರಿಲ್‌ನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದಾರೆ. ತಮ್ಮ ವ್ಯಾಪ್ತಿ ಯಾವ ಆಯೋಗಕ್ಕೆ ಬರುತ್ತದೆಂದು ಮೊದಲೇ ಕೇಳಿಕೊಳ್ಳುವುದು ಮೇಲು.)

ಬಳ್ಳಾರಿ ಅಂಗಡಿಯ ಮೇಲಿನ ದೂರಾದರೆ ನನ್ನ ಒಲವು ಬಳ್ಳಾರಿಯ ಕಡೆಗೇ. ಬಸ್ಸು ಹತ್ತಿರ, ಕನ್ನಡದಲ್ಲಿ ಬರೆದ ದೂರು ಅಲ್ಲಿ ಹೊಸದೇನಲ್ಲ, ಅಂಗಡಿಯವರಿಗೂ ತಪ್ಪಿಸಿಕೊಳ್ಳಲು ದೂರದ ನೆಪವಿಲ್ಲ. ಅನಂತಪುರಕ್ಕೆ ಹೋಗುವುದಾದರೆ ದೂರನ್ನು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಬರೆಸಿ, ಕನ್ನಡದ ಬಿಲ್ಲು, ಪತ್ರಗಳಿಗೆ ಅನುವಾದ ಜೋಡಿಸಿದರೆ ಕೆಲಸ ಸಲೀಸು. ಅಧಿಕಾರಿಗಳಿಗೆ ಕೊಡುವ ಅಹವಾಲಿನ ಮಾತು ಬೇರೆ. ಕುಂದುಕೊರತೆಯ ಅರ್ಜಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ಆಂಧ್ರದ ಗಡಿಯಲ್ಲಿ ಕನ್ನಡ ಬಳಕೆಯಲ್ಲಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಆದರೆ ರಗಳೆಯೆಲ್ಲ ದೋಷವಲ್ಲ. ದೂರುಗಳು ಬಿದ್ದುಹೋಗುವುದು ಬಹುಪಾಲು ಇಲ್ಲೇ. ಮೆನುವಿನಲ್ಲಿ ಕನ್ನಡ ಇಲ್ಲ, ರಿಮೋಟ್ ಚಿಕ್ಕದು, ಜಾಹೀರಾತು ಜಾಸ್ತಿ ಎಂಬುದೆಲ್ಲ ಬೇಸರದ ಸಂಗತಿ, ಅಷ್ಟೇ. ಕಾಯ್ದೆ ದೋಷವೆನ್ನುವುದು ಗುಣಮಟ್ಟದಲ್ಲಿ ಕಾನೂನು, ಕರಾರು ಅಥವಾ ಮಾರುವವನ ಮಾತಿಗಿಂತ ಕಡಿಮೆಯಿರುವುದನ್ನು. ಹಾಗಾಗಿ ಡಬ್ಬದ ಮೇಲಿನ ಅಚ್ಚು, ಜಾಹೀರಾತು, ಅಂಗಡಿಯವರ ವಾಟ್ಸ್ಆ್ಯಪ್ ಸಂದೇಶ ಇವೇ ನಿಮ್ಮ ಅಳತೆಗೋಲು. ಮೆನುವಿನಲ್ಲಿ ಕನ್ನಡ ಇದೆ ಎಂದು ಡಬ್ಬದ ಮೇಲೆ ಬರೆದು ಕೊಡದೇಹೋದರೆ ಅದೇ ಬೇಸರ ದೋಷವಾಗುತ್ತದೆ.

4ಕೆಯ ವಿಷಯವನ್ನೇ ಬಿಡಿಸಿ ನೋಡೋಣ. ನಿಮ್ಮ ಟಿವಿಯೇ 4ಕೆ ಅಲ್ಲದಿದ್ದರೆ ಬಾಕ್ಸಿನ ತಪ್ಪೇನಿಲ್ಲ. ಇಂಟರ್ನೆಟ್ ವೇಗ ಸಾಲದಿದ್ದರೂ ಅಷ್ಟೇ. 4ಕೆಗೆ ಕನಿಷ್ಠ 15 ಎಂಬಿಪಿಎಸ್ ಬೇಕೆಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. ಟಿವಿಯೂ ವೇಗವೂ ಸರಿಯಿದ್ದು ಯೂಟ್ಯೂಬ್ ಸ್ಪಷ್ಟವಾಗಿ ಕಾಣುತ್ತಿದೆ, ಸಿನಿಮಾ ಆ್ಯಪ್ ಮಾತ್ರ ಮಸುಕು ಎಂದಾದರೆ ಅನುಮಾನಪಡಬೇಕಾದ್ದು ಪ್ರಮಾಣೀಕರಣವನ್ನು. ಅಗ್ಗದ ಎಷ್ಟೋ ಆಂಡ್ರಾಯ್ಡ್ ಬಾಕ್ಸ್‌ಗಳಿಗೆ ಗೂಗಲ್‌ನ ವೈಡ್‌ವೈನ್ ಎಂಬ ನಕಲು ತಡೆ ವ್ಯವಸ್ಥೆಯ ಎಲ್1 ದರ್ಜೆ ಸಿಕ್ಕಿರುವುದಿಲ್ಲ, ಅಂಥವಕ್ಕೆ ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳು ಕೊಡುವುದು ಕಡಿಮೆ ದರ್ಜೆಯ ಚಿತ್ರವನ್ನಷ್ಟೇ. ಡಬ್ಬದ ಮೇಲೆ ನೆಟ್‌ಫ್ಲಿಕ್ಸ್ ಚಿಹ್ನೆಯೂ 4ಕೆ ಎಂಬ ಅಕ್ಷರವೂ ಅಕ್ಕಪಕ್ಕ ಇದ್ದು ಎರಡೂ ಒಟ್ಟಿಗೆ ಆಗದಿದ್ದರೆ ಅದು ದಾರಿ ತಪ್ಪಿಸುವ ಜಾಹೀರಾತಿನ ದೂರಿಗೆ ಗಟ್ಟಿ ಆಧಾರ.

ಮೊದಲ ವಾರದಲ್ಲೇ ಸಾಕ್ಷಿ ಕೂಡಿಹಾಕಬೇಕು. ಡಬ್ಬ ಬಿಸಾಡಬೇಡಿ. ಅದರಲ್ಲಿ ತಯಾರಕ ಅಥವಾ ಆಮದುದಾರನ ಹೆಸರು ವಿಳಾಸ, ಗರಿಷ್ಠ ಮಾರಾಟ ಬೆಲೆ, ದೂರಿಗೆ ಸಂಪರ್ಕ ಇವು ಇರಲೇಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ. ಸೆಟ್‌ಟಾಪ್ ಬಾಕ್ಸ್, ಪವರ್ ಅಡಾಪ್ಟರ್‌ಗಳು 2012ರ ಆದೇಶದ ಕಾಲದಿಂದಲೂ ಬಿಐಎಸ್ ನೋಂದಣಿ ಕಡ್ಡಾಯವಿರುವ ಪಟ್ಟಿಯಲ್ಲಿವೆ. ಅಡಾಪ್ಟರ್ ಮೇಲೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ, ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಪರೀಕ್ಷಿಸಿ. ಬಿಲ್ಲು ಕೊಡದಿರುವುದೇ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ‘ಬಿಲ್ ಬೇಡ ಅಂದ್ರೆ ಇನ್ನೂರು ಕಮ್ಮಿ ಮಾಡ್ತೀವಿ’ ಎಂಬ ಮಾತಿಗೆ ಮರುಳಾದವರು ಆಮೇಲೆ ಕೊಳ್ಳುವುದು ತಲೆನೋವು. ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ರಬ್ಬರ್ ಸ್ಟಾಂಪಿಗೆ ಹೆದರಬೇಡಿ; ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿಯನ್ನೇ ಹೇಳದಿದ್ದರೆ 30 ದಿನದೊಳಗೆ ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದೂ ಅದೇ ಅನುಚಿತ ಪದ್ಧತಿಯ ಸಾಲಿಗೆ ಸೇರುತ್ತದೆ.

ತೊಂದರೆಯನ್ನು ಫೋನಿನಲ್ಲಿ ವಿಡಿಯೋ ಮಾಡಿ. ಮೊದಲು ಬಾಕ್ಸಿನ ಅಡಿಯ ಸೀರಿಯಲ್ ನಂಬರ್, ನಿಲ್ಲಿಸದೆ ಹಾಗೇ ಮೇಲೆತ್ತಿ ಟಿವಿ ಪರದೆ, ಆಮೇಲೆ ಅದೇ ವೈಫೈನಲ್ಲಿ ಸರಿಯಾಗಿ ಓಡುತ್ತಿರುವ ಇನ್ನೊಂದು ಫೋನು. ‘ನಿಮ್ಮ ಇಂಟರ್ನೆಟ್ ಸರಿಯಿಲ್ಲ’ ಎಂಬ ವಾದಕ್ಕೆ ಈ ಒಂದೇ ತುಣುಕು ಉತ್ತರ. ಆಮೇಲೆ ಅಂಗಡಿಗೂ ಕಂಪನಿಗೂ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಪತ್ರ. ಉದ್ದ ಬೇಡ: ‘ಇಂಥ ದಿನ, ಇಂಥ ಬಿಲ್ ನಂಬರಿನಲ್ಲಿ ತಮ್ಮಲ್ಲಿ ಕೊಂಡ, ಇಂಥ ಸೀರಿಯಲ್ ನಂಬರಿನ ಬಾಕ್ಸ್ 5 ಗಿಗಾಹರ್ಟ್ಸ್ ವೈಫೈಗೆ ಕೂಡುತ್ತದೆ ಎಂದು ಡಬ್ಬದ ಮೇಲೆ ಅಚ್ಚಾಗಿದ್ದರೂ ಕೂಡುತ್ತಿಲ್ಲ. ಅದೇ ವೈಫೈಗೆ ಮನೆಯ ಎರಡು ಫೋನ್ ಕೂಡುತ್ತಿವೆ. ವಿಡಿಯೋ ಕಳಿಸಿದ್ದೇನೆ. ಪತ್ರ ತಲುಪಿದ 15 ದಿನದೊಳಗೆ ಬಾಕ್ಸ್ ಬದಲಿಸಿ ಕೊಡಿ, ಇಲ್ಲವೇ ಪೂರ್ತಿ ಹಣ ವಾಪಸ್ ಕೊಡಿ.’ ಬೈಗುಳ, ‘ನಿಮ್ಮನ್ನು ನೋಡಿಕೊಳ್ಳುತ್ತೇನೆ’ ಇತ್ಯಾದಿ ಬೇಡ. ಈ ಪತ್ರ ನಾಳೆ ಆಯೋಗದ ಮುಂದೆ ಓದಿಸಿಕೊಳ್ಳುವ ಕಾಗದ.

ಆನ್‌ಲೈನ್ ಖರೀದಿಗೆ 2020ರ ಇ-ಕಾಮರ್ಸ್ ನಿಯಮಗಳ ಬೆಂಬಲವಿದೆ. ಮಾರಾಟ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಸರಕಿನಲ್ಲಿ ದೋಷವಿದ್ದರೆ ಅಥವಾ ಜಾಹೀರಾತಿನಂತೆ ಇಲ್ಲದಿದ್ದರೆ ಮಾರಾಟಗಾರ ವಾಪಸ್ ಪಡೆಯಲಾರೆ ಎನ್ನುವಂತಿಲ್ಲ.

ಬಾಕ್ಸ್ ಯಾರದು ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಿ. ಆಂಧ್ರದಲ್ಲಿ ಸರ್ಕಾರಿ ಫೈಬರ್ ಜಾಲದ ಸೇವೆಯನ್ನು 2017ರ ಡಿಸೆಂಬರ್ 27ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಟಿವಿ, ಇಂಟರ್ನೆಟ್, ಫೋನ್ ಮೂರೂ ಒಂದೇ ಸಂಪರ್ಕದಲ್ಲಿ, ಶುರುವಿನ ದರ ತಿಂಗಳಿಗೆ 149 ರೂಪಾಯಿ. ಇಂಥ ಯಾವುದೇ ಸಂಪರ್ಕದಲ್ಲಿ, ಸರ್ಕಾರದ್ದಿರಲಿ ಖಾಸಗಿಯದಿರಲಿ, ಬಾಕ್ಸನ್ನು ಸೇವೆ ಕೊಡುವವರೇ ಇಟ್ಟಿದ್ದರೆ ನಿಮ್ಮ ದೂರು ಸರಕಿನ ದೋಷದ್ದಲ್ಲ, ಸೇವಾ ನ್ಯೂನತೆಯದು. ಹಣ ಪಡೆದು ಕೊಡುವ ಸೇವೆ ಸರ್ಕಾರಿ ಸಂಸ್ಥೆಯದಾದರೂ ಕಾಯ್ದೆಯಿಂದ ಹೊರಗಲ್ಲ. ದೂರಸಂಪರ್ಕದ ದೂರು ಗ್ರಾಹಕ ಆಯೋಗಕ್ಕೆ ಬರುವುದಿಲ್ಲ ಎಂಬ ಹಳೇ ವಾದವನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿ 16ರಂದು ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ತಳ್ಳಿಹಾಕಿದೆ.

ಬಸ್ ಸ್ಟ್ಯಾಂಡಿನ ಹೋಟೆಲಿನವರು ಗಿರಾಕಿಗಳಿಗೆ ಕ್ರಿಕೆಟ್ ತೋರಿಸಲು ಬಾಕ್ಸ್ ತಂದಿದ್ದರೆ? ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂಬ ತಕರಾರು ಬಂದೇ ಬರುತ್ತದೆ. ಹೊಟ್ಟೆಪಾಡಿಗೆ ತಾನೇ ನಡೆಸುವ ಸ್ವಉದ್ಯೋಗಕ್ಕೆಂದು ಮಾತ್ರ ಕೊಂಡದ್ದೆಂದು ತೋರಿಸಿದರೆ ವಿನಾಯಿತಿ ಉಂಟು.

ಇನ್ನು, ದೋಷಕ್ಕಿಂತ ಕೆಟ್ಟ ಎರಡು ಸಂಗತಿಗಳಿವೆ. ಒಂದು, ಬಾಕ್ಸ್ ಶುರುಮಾಡಲು ಟಿವಿಯಲ್ಲಿ ಬರುವ ಕೋಡ್. ಅದನ್ನು ಹಾಕಬೇಕಾದ ತಾಣವನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಮಾಡಿದವರಿಂದ ‘ಆ್ಯಕ್ಟಿವೇಷನ್ ಫೀ’ ಕೀಳುವ ವಂಚಕರಿದ್ದಾರೆ. ಹಣ ಹೋಗಿದ್ದರೆ ಗ್ರಾಹಕ ಆಯೋಗಕ್ಕಲ್ಲ, ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಎರಡು, ‘ಎಲ್ಲ ಚಾನೆಲ್ಲು, ಎಲ್ಲ ಸಿನಿಮಾ ಜೀವನಪೂರ್ತಿ ಫ್ರೀ’ ಎಂದು ಮಾರುವ ಹೆಸರಿಲ್ಲದ ಬಾಕ್ಸ್‌ಗಳು. ಇವು ಕದ್ದ ಸಿನಿಮಾ ತೋರಿಸುವುದಷ್ಟೇ ಅಲ್ಲ. ಇಂಥ ಅಗ್ಗದ ಬಾಕ್ಸ್‌ಗಳಲ್ಲಿ ಮಾರುವ ಮೊದಲೇ ಕುತಂತ್ರಾಂಶ ಸೇರಿಸುವ ‘ಬ್ಯಾಡ್‌ಬಾಕ್ಸ್’ ಜಾಲದ ಬಗ್ಗೆ ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಕದ್ದ ಚಾನೆಲ್ ನಿಂತುಹೋಯಿತೆಂದು ಆಯೋಗದ ಮೆಟ್ಟಿಲು ಹತ್ತಿದರೆ ಸಿಗುವುದು ಮುಜುಗರವೇ.

‘ಮೊದಲ ತಿಂಗಳು ಉಚಿತ’ ಎಂದು ಕಾರ್ಡ್ ಕೊಟ್ಟು ಮರೆತವರ ಗೋಳು ಬೇರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್‌ನಿಂದ ಇಂಥ ತಾನೇ ಕಡಿತವಾಗುವ ಪಾವತಿಗೆ 24 ಗಂಟೆ ಮೊದಲು ಬ್ಯಾಂಕಿನಿಂದ ಸಂದೇಶ ಬರಬೇಕು, ನಿಲ್ಲಿಸುವ ದಾರಿಯೂ ಅದರಲ್ಲೇ ಇರಬೇಕು. ಸೇರುವುದು ಒಂದು ಒತ್ತಿಗೆ, ಬಿಡುವುದು ಹತ್ತು ಪುಟ ದಾಟಿ ಎಂಬ ಚಂದಾ ಬಲೆಯನ್ನು ಗ್ರಾಹಕ ಕಾಯ್ದೆಯಡಿ ಬಂದ 2023ರ ನವೆಂಬರ್ 30ರ ಮಾರ್ಗಸೂಚಿ ನಿಷಿದ್ಧ ತಂತ್ರಗಳ ಪಟ್ಟಿಗೆ ಸೇರಿಸಿದೆ.

ಪತ್ರಕ್ಕೆ ಉತ್ತರ ಬರದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಅವರಿಗೆ ತೀರ್ಪು ಕೊಡುವ ಅಧಿಕಾರವಿಲ್ಲ, ಕಂಪನಿಗೆ ದಾಟಿಸುತ್ತಾರೆ ಅಷ್ಟೇ. ಆದರೂ ಸಣ್ಣ ಮೊತ್ತದ ದೂರಿಗೆ ಇದನ್ನು ಬಿಟ್ಟು ನೇರ ಆಯೋಗಕ್ಕೆ ಹಾರುವುದು ಜಾಣತನವಲ್ಲ. ಅಲ್ಲೂ ಆಗದಿದ್ದರೆ ದೂರನ್ನು ಖುದ್ದಾಗಿ ಕೊಡಬಹುದು, ಇಲ್ಲವೇ 2025ರ ಜನವರಿಯಿಂದ ಶುರುವಾದ ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ಹಾಕಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಬೇಕೆನಿಸಿದರೆ ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಕಡಿಮೆ ಆದಾಯದವರು ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಕೇಳಬಹುದು, ಅದರ ಸಹಾಯವಾಣಿ 15100. ತೊಂದರೆ ಶುರುವಾದ ಎರಡು ವರ್ಷದೊಳಗೆ ದೂರು ಬೀಳಬೇಕು.

ದೂರು ಬರೆಯುವಾಗ ಒಂದು ಜಾಗ್ರತೆ. ಒಳಗಿನ ಚಿಪ್ ಸರಿಯಿಲ್ಲ ಎಂದು ಬರೆದರೆ ಆಯೋಗ ಬಾಕ್ಸನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, ಅದರ ಖರ್ಚನ್ನು ಮೊದಲು ನಿಮ್ಮಿಂದಲೇ ಕಟ್ಟಿಸಬಹುದು. ಮೂರು ಸಾವಿರದ ಬಾಕ್ಸಿಗೆ ಅದು ಬೇಕೇ? ಡಬ್ಬದ ಮೇಲಿನ ಮಾತು ನಡೆಯಲಿಲ್ಲ, ಕೇಳಿದರೆ ಬದಲಿಸಿಕೊಡಲಿಲ್ಲ ಎಂಬ ಕಣ್ಣಿಗೆ ಕಾಣುವ ಸಂಗತಿಯ ಮೇಲೆ ದೂರು ನಿಂತರೆ ಬಿಲ್ಲು, ಪತ್ರ, ವಿಡಿಯೋಗಳೇ ಮಾತಾಡುತ್ತವೆ. ಅಡಾಪ್ಟರ್ ಸಿಡಿದು ಟಿವಿಯೂ ಸುಟ್ಟಿದ್ದರೆ ಮಾತ್ರ ಲೆಕ್ಕ ಬೇರೆ. ಬೇರೆ ಆಸ್ತಿಗಾದ ಹಾನಿ ಉತ್ಪನ್ನ ಹೊಣೆಗಾರಿಕೆಯ ಅಡಿ ಬರುತ್ತದೆ, ತಯಾರಕ ಯಾರೆಂದೇ ತಿಳಿಯದಿದ್ದರೆ ಆ ಹೊಣೆ ಮಾರಿದವನ ಹೆಗಲಿಗೇ.

ದೂರನ್ನು ಅಂಗೀಕರಿಸಬೇಕೋ ಬೇಡವೋ ಎಂಬುದನ್ನು ಆಯೋಗ 21 ದಿನದಲ್ಲಿ ನಿರ್ಧರಿಸಬೇಕು. ಎದುರಾಳಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಆ 45 ದಿನ ದಾಟಿದ ಮೇಲೆ ಬಂದ ಉತ್ತರ ಬೇಡವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್ 4ರಂದು ಹೇಳಿದೆ. ಪರೀಕ್ಷೆ ಬೇಡದ ಪ್ರಕರಣ ಮೂರು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆಯ ಆಸೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ, ಸಿದ್ಧರಿರಿ. ದೂರದಿಂದ ಓಡಾಡುವವರು ವಿಡಿಯೋ ಮೂಲಕ ವಿಚಾರಣೆಗೆ ಅರ್ಜಿ ಕೊಡಬಹುದು. ಗೆದ್ದರೆ ಬದಲಿ ಬಾಕ್ಸ್ ಅಥವಾ ಬಡ್ಡಿಸಹಿತ ಹಣ, ಪರಿಹಾರ, ಖರ್ಚು ಸಿಗಬಹುದು. ಸೋತ ಅಂಗಡಿಯವರು ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕಾದರೆ 45 ದಿನದೊಳಗೆ, ಆದೇಶದ ಮೊತ್ತದಲ್ಲಿ ಅರ್ಧ ಠೇವಣಿ ಇಟ್ಟು ಹೋಗಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದು ಸತಾಯಿಸಿದರೆ ಅದೇ ಆಯೋಗದಲ್ಲಿ 72ನೇ ಕಲಂ ಅಡಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25 ಸಾವಿರದಿಂದ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುವ ಅಧಿಕಾರ ಆಯೋಗಕ್ಕಿದೆ.